ಸಂತೆಯ ಹಸು ಮನೆ ಸೇರುವ ಮುನ್ನ: ತಪಾಸಣೆ, ಪತ್ರ, ಶುಲ್ಕ

ವ್ಯಾಪಾರ ಕುದುರಿ, ದುಡ್ಡು ಎಣಿಸಿ ಕೊಟ್ಟು, ಹಸುವನ್ನು ಪಿಕಪ್ ಗಾಡಿಗೆ ಹತ್ತಿಸಿ ಹೊರಟಿರುತ್ತೀರಿ. ಅರ್ಧ ದಾರಿಯಲ್ಲಿ ಚೆಕ್‌ಪೋಸ್ಟ್‌ನವರು ಕೈ ಅಡ್ಡ ಹಿಡಿದು ‘ಡಾಕ್ಟರ್ ಸರ್ಟಿಫಿಕೇಟ್ ತೋರಿಸಿ’ ಎನ್ನುತ್ತಾರೆ. ದಲ್ಲಾಳಿ ಕೈಗಿಟ್ಟ ಕಾಗದವನ್ನು ತೆಗೆದು ಕೊಡುತ್ತೀರಿ. ಅದರಲ್ಲಿ ‘ಕಪ್ಪು ಬಿಳುಪು ಎಚ್‌ಎಫ್’ ಎಂದು ಬರೆದಿದೆ. ಗಾಡಿಯಲ್ಲಿ ನಿಂತಿರುವುದು ಕೆಂದು ಜರ್ಸಿ. ಕಿವಿಯೋಲೆ ಸಂಖ್ಯೆ ಬರೆಯಬೇಕಾದ ಜಾಗ ಖಾಲಿ. ದಿನಾಂಕ ಮೂರು ದಿನ ಹಿಂದಿನದು. ಅಲ್ಲಿಂದ ಮುಂದೆ ಫೋನು, ಅಂಗಲಾಚುವಿಕೆ, ಏರುತ್ತಲೇ ಹೋಗುವ ಗಾಡಿ ಬಾಡಿಗೆ. ಹಾಲು ಕಟ್ಟಿಕೊಂಡ ಹಸು ಬಿಸಿಲಲ್ಲಿ ನಿಂತು ಒದ್ದಾಡುತ್ತಿರುತ್ತದೆ.

‘ದುಡ್ಡು ಕೊಟ್ಟೇ ಮಾಡಿಸಿದ್ದು ಸಾರ್’ ಎಂದು ಹೈನುಗಾರರು ಹೇಳುವುದು ಸುಳ್ಳಲ್ಲ. ಆದರೆ ಆ ದುಡ್ಡು ಹೋಗಿದ್ದು ಬರೀ ಕಾಗದಕ್ಕೆ. ಪಶುವೈದ್ಯರು ಹಸುವಿನ ಬಾಯಿ, ಗೊರಸು, ಕೆಚ್ಚಲು ನೋಡುವುದಕ್ಕೆ ನೀವು ಶುಲ್ಕ ಕೊಡಬೇಕು. ಪತ್ರ ಆ ತಪಾಸಣೆಯ ಫಲಿತಾಂಶ ಮಾತ್ರ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ಎಷ್ಟು ಕೊಡಬೇಕು, ಏನು ಕೇಳಿ ಪಡೆಯಬೇಕು, ಎಲ್ಲಿ ಕೊಡಬಾರದು ಎಂಬುದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಲಸಿಕೆ ಉಚಿತ, ಪತ್ರಕ್ಕೆ ಶುಲ್ಕ: ಯಾಕೆ ಹೀಗೆ?

ಹಲವರ ಪ್ರಶ್ನೆ ಇದು. ಕಾಲುಬಾಯಿ ರೋಗದ ಲಸಿಕೆಯನ್ನು ಸರ್ಕಾರದವರೇ ಮನೆ ಬಾಗಿಲಿಗೆ ಬಂದು ಪುಕ್ಕಟೆ ಹಾಕುತ್ತಾರೆ, ಒಂದು ಸಹಿಗೆ ಮಾತ್ರ ದುಡ್ಡು ಕೇಳುತ್ತಾರಲ್ಲ?

ನಿಮ್ಮ ಹಸುವಿಗೆ ಲಸಿಕೆ ಬಿದ್ದರೆ ಇಡೀ ಊರಿನ ಕೊಟ್ಟಿಗೆಗಳಿಗೆ ರಕ್ಷಣೆ. ಹಾಗಾಗಿ ಅದರ ಖರ್ಚನ್ನು ಎಲ್ಲರ ತೆರಿಗೆಯಿಂದ ಭರಿಸುವುದು ನ್ಯಾಯ. 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ನಡೆಯುತ್ತಿರುವುದು ಈ ತತ್ವದ ಮೇಲೆಯೇ. ಆದರೆ ಮಾರಾಟವಾದ ಒಂದು ಜಾನುವಾರನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವಾಗ ಲಾಭ ಕೊಂಡವರದ್ದು, ಮಾರಿದವರದ್ದು. ರೋಗ ಹರಡುವ ಅಪಾಯ ಮಾತ್ರ ದಾರಿಯುದ್ದದ ಊರುಗಳದ್ದು. ಆ ಅಪಾಯವನ್ನು ತಡೆಯುವ ತಪಾಸಣೆಯ ಖರ್ಚನ್ನು ವ್ಯಾಪಾರ ಮಾಡುವವರೇ ಹೊರಬೇಕೆಂಬುದು ಹಲವು ದೇಶಗಳು ಒಪ್ಪಿಕೊಂಡ ಲೆಕ್ಕ.

ಐರೋಪ್ಯ ಒಕ್ಕೂಟ ತನ್ನ 2017/625ನೇ ನಿಯಮದಲ್ಲಿ ಗಡಿ ತಪಾಸಣೆಯ ದರವನ್ನೇ ಅಚ್ಚುಹಾಕಿಸಿದೆ: ಹೊರಗಿನಿಂದ ಬರುವ ದನ, ಕುರಿಗಳ ಸರಕು 6 ಟನ್‌ವರೆಗೆ ಇದ್ದರೆ 55 ಯೂರೊ, ನಂತರದ ಪ್ರತಿ ಟನ್ನಿಗೆ 9 ಯೂರೊ, 46 ಟನ್ ದಾಟಿದರೆ ಒಟ್ಟು 420 ಯೂರೊ. ಆ ದೇಶಗಳ ಮೊತ್ತ ನಮಗೆ ಮುಖ್ಯವಲ್ಲ. ದರ ಇಷ್ಟೇ ಎಂದು ಯಾರು ಬೇಕಾದರೂ ಓದಿ ತಿಳಿಯುವಂತಿರುವುದು ಮುಖ್ಯ. ನಮ್ಮ ಸಂತೆಗಳಲ್ಲೂ ತಪಾಸಣಾ ದರದ ಬೋರ್ಡು ಸುಂಕದ ಬೋರ್ಡಿನ ಪಕ್ಕದಲ್ಲೇ ಇರಬೇಕು. ಸುಂಕ ವಸೂಲಿಗೆ ಜನ ಇರುವ ಎಷ್ಟೋ ಕಡೆ ಪಶುವೈದ್ಯರು ಕುಳಿತುಕೊಳ್ಳಲು ಒಂದು ನೆರಳೂ ಇರುವುದಿಲ್ಲ. ಇದು ಸರಿಹೋಗಬೇಕಾದ ಸಂಗತಿ.

ಜಾನುವಾರು ಸಾಗಣೆಯ ಮೇಲಿನ ಈ ಕಟ್ಟುನಿಟ್ಟು ಇವತ್ತಿನದಲ್ಲ. ದನಗಳ ಮಹಾಮಾರಿಯಾಗಿದ್ದ ದೊಡ್ಡರೋಗವನ್ನು ಎದುರಿಸಲೆಂದೇ 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ಆರಂಭವಾಯಿತು. ಹೊರದೇಶದ ಜಾನುವಾರುಗಳ ಆಮದು ನಿಯಂತ್ರಿಸುವ ಕಾಯ್ದೆ ಬಂದಿದ್ದು 1898ರಲ್ಲಿ. ಭಾರತ 2006ರಲ್ಲಿ ದೊಡ್ಡರೋಗದಿಂದ ಮುಕ್ತವಾಯಿತು, 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಲಸಿಕೆಯ ಜೊತೆಗೆ, ರೋಗದ ದನ ಊರು ದಾಟದಂತೆ ನೋಡಿಕೊಂಡದ್ದೂ ಅದಕ್ಕೆ ಕಾರಣ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ರಾಜ್ಯದಲ್ಲಿ ದನಗಳ ಸಂತೆ, ಜಾತ್ರೆಗಳಿಗೆ ತಡೆ ಬಿದ್ದದ್ದು ನಿಮಗೆ ನೆನಪಿರಬಹುದು.

ಪತ್ರ ಏನನ್ನು ಹೇಳಬೇಕು?

1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ದನಗಳಿಗೆಂದೇ ಒಂದು ನಮೂನೆ ಇದೆ. ಅದನ್ನು ಪೂರ್ತಿ ಓದಿದವರು ಕಡಿಮೆ. ತಪಾಸಣೆಯ ದಿನ ಮತ್ತು ಗಂಟೆ, ಜಾತಿ, ತಳಿ, ಲಿಂಗ, ವಯಸ್ಸು, ಗುರುತಿನ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಎಂಬುದನ್ನೆಲ್ಲ ಅದರಲ್ಲಿ ತುಂಬಬೇಕು. ಆಮೇಲೆ ವೈದ್ಯರು ದೃಢೀಕರಿಸುವ ಮಾತುಗಳು ಬರುತ್ತವೆ. ಹೊರಡುವುದಕ್ಕೆ 12 ಗಂಟೆಗಿಂತ ಮುಂಚೆ ಅಲ್ಲ, ಅದರೊಳಗೇ ಈ ದನಗಳನ್ನು ತಾವು ಪರೀಕ್ಷಿಸಿದ್ದೇವೆ, ಅವು ಪ್ರಯಾಣಕ್ಕೆ ಯೋಗ್ಯವಾಗಿವೆ, ಅಂಟುರೋಗದ ಲಕ್ಷಣ ಕಾಣುತ್ತಿಲ್ಲ, ಮೇವು ನೀರು ಕೊಟ್ಟಾಗಿದೆ, ಲಸಿಕೆ ಹಾಕಿಸಿದೆ ಎಂದು.

12 ಗಂಟೆ ಎಂಬ ಆ ಮಾತನ್ನು ಗಮನಿಸಿ. ಮೂರು ದಿನದ ಹಿಂದೆ ಬರೆದಿಟ್ಟ ಕಾಗದ, ಖಾಲಿ ಜಾಗ ಬಿಟ್ಟು ಸಹಿ ಮಾಡಿಸಿಟ್ಟ ಕಾಗದ, ಫೋನಿನಲ್ಲಿ ಫೋಟೊ ಕಳಿಸಿ ಮಾಡಿಸಿದ ಕಾಗದ ಯಾವುದೂ ಈ ನಮೂನೆಗೆ ಹೊಂದುವುದಿಲ್ಲ.

ಸಹಿ ಯಾರದಿರಬೇಕು ಎಂಬುದೂ ಸ್ಪಷ್ಟ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕಬಹುದು. ಊರಿನಲ್ಲಿ ಎಷ್ಟೇ ಒಳ್ಳೆಯ ಕೈಗುಣದ ಕಾಂಪೌಂಡರ್, ಇನ್‌ಸ್ಪೆಕ್ಟರ್ ಇದ್ದರೂ ಅವರ ಸಹಿ ಇಲ್ಲಿ ನಡೆಯದು. ಸಹಿಯ ಕೆಳಗೆ ಹೆಸರು, ಮೊಹರು, ನೋಂದಣಿ ಸಂಖ್ಯೆ ಮೂರೂ ಇವೆಯೇ ನೋಡಿ.

ಹಂತ ಹಂತವಾಗಿ ಹೀಗೆ ಮಾಡಿ

1. ಹೊರಡುವ ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಕೊಳ್ಳಲು ಹೋಗುವ ಕಡೆ ರೋಗ ಎದ್ದಿದೆಯೇ, ಸಾಗಣೆಗೆ ತಡೆ ಇದೆಯೇ ಎಂದು ಕೇಳಿ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಡಿ ‘ನಿಯಂತ್ರಿತ ಪ್ರದೇಶ’ ಎಂದು ಘೋಷಿಸಿದ ಜಾಗದಿಂದ ದನ ಎಬ್ಬಿಸಿಕೊಂಡು ಬರುವುದೇ ಅಪರಾಧವಾಗಬಹುದು. ಆಗ ಯಾವ ಪತ್ರವೂ ಕಾಯುವುದಿಲ್ಲ.

2. ಬೆಲೆ ಮಾತಾಡುವ ಮೊದಲು ಕಿವಿ ನೋಡಿ. ಹಳದಿ ಓಲೆಯ ಮೇಲೆ 12 ಅಂಕಿಯ ಸಂಖ್ಯೆ ಇರಬೇಕು. ಮಾರುವವರ ಊರಿನ ಆಸ್ಪತ್ರೆಯಲ್ಲಿ ಆ ಸಂಖ್ಯೆ ಹಾಕಿ ನೋಡಿದರೆ ಯಾವ ಲಸಿಕೆ ಯಾವಾಗ ಬಿದ್ದಿದೆ ಎಂಬುದು ಸಿಗುತ್ತದೆ. ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಿರಬೇಕು. ಕಂದು ರೋಗದ ಲಸಿಕೆಯನ್ನು ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಹಾಕುತ್ತಾರೆ. ಓಲೆ ಕಿತ್ತ ತೂತು ಮಾತ್ರ ಇದ್ದರೆ ಆ ಹಸುವನ್ನು ಬಿಟ್ಟು ಮುಂದೆ ಹೋಗಿ.

3. ಮುಂಗಡವನ್ನು ಷರತ್ತಿನ ಮೇಲೆ ಕೊಡಿ. ‘ಡಾಕ್ಟರ್ ನೋಡಿ ಸರಿ ಅಂದ ಮೇಲೆ ಬಾಕಿ ಹಣ’ ಎಂದು ನಾಲ್ಕು ಜನರ ಎದುರು ಹೇಳಿ. ಟವೆಲ್ಲಿನ ಅಡಿ ಬೆರಳು ಹಿಡಿದು ಕುದುರಿಸಿದ ವ್ಯಾಪಾರಕ್ಕೂ ಈ ಷರತ್ತು ಹಾಕಬಹುದು. ಒಪ್ಪದ ಮಾರಾಟಗಾರರ ಬಳಿ ಒಪ್ಪದಿರಲು ಏನೋ ಕಾರಣ ಇರುತ್ತದೆ.

4. ತಪಾಸಣೆಯನ್ನು ಕೊಂಡ ಜಾಗದಲ್ಲೇ ಮಾಡಿಸಿ. ಪ್ರಯಾಣ ಎಲ್ಲಿ ಶುರುವಾಗುತ್ತದೋ ಅಲ್ಲಿಯ ವೈದ್ಯರ ಪತ್ರವೇ ಬೇಕು. ಈರೋಡಿನ ಕರುಂಗಲ್‌ಪಾಳ್ಯಂ ಸಂತೆಯಲ್ಲಿ ಕೊಂಡ ಹಸುವಿಗೆ ಚಾಮರಾಜನಗರದಲ್ಲಿ ಕುಳಿತು ಪತ್ರ ಬರೆಸುವುದು ಸಲ್ಲದು. ಸಂತೆಯ ದಿನ ವೈದ್ಯರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಹಿಂದಿನ ದಿನವೇ ತಿಳಿದುಕೊಂಡರೆ ಅರ್ಧ ತಾಪತ್ರಯ ಕಡಿಮೆ.

5. ತಪಾಸಣೆ ನಡೆಯುವಾಗ ಪಕ್ಕದಲ್ಲೇ ನಿಲ್ಲಿ. ಬಾಯಿ ತೆರೆದು ನಾಲಿಗೆ ಹೊರಗೆಳೆದು ಬೊಬ್ಬೆ, ಹುಣ್ಣು ಇವೆಯೇ ನೋಡಬೇಕು. ಗೊರಸಿನ ಸೀಳಿನ ನಡುವೆ ಬೆರಳಾಡಿಸಬೇಕು. ಥರ್ಮಾಮೀಟರ್ ಇಟ್ಟು ಜ್ವರ ನೋಡಬೇಕು; ಹಸುವಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಸಹಜ. ಭುಜದ ಮುಂದಿನ ಗಂಟು ಊದಿದೆಯೇ, ಬಾಲದ ಬುಡದಲ್ಲಿ, ಕಿವಿಯ ಒಳಗೆ ಉಣ್ಣೆ ಇದೆಯೇ ನೋಡಬೇಕು. ಮಿಶ್ರತಳಿ ಹಸುಗಳನ್ನು ಕೊಲ್ಲುವ ಥೈಲೇರಿಯಾ ಜ್ವರ ಬರುವುದು ಉಣ್ಣೆಯಿಂದಲೇ. ಮೈ ಸವರಿ ಚರ್ಮದಲ್ಲಿ ಗಂಟು ಸಿಗುತ್ತದೆಯೇ ನೋಡಬೇಕು. ಕೊನೆಗೆ ನಾಲ್ಕೂ ಮೊಲೆಗಳಿಂದ ಬೇರೆ ಬೇರೆಯಾಗಿ ಹಾಲಿನ ಧಾರೆ ಬಿಡಿಸಿ ನೋಡಬೇಕು. ಹಿಂದಿನ ಹೊತ್ತಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ ನಿಲ್ಲಿಸಿದ್ದರೆ ಅದೂ ಆಗ ಬಯಲಾಗುತ್ತದೆ.

6. ಹಸು ಈದು ಎಷ್ಟು ಹೊತ್ತಾಯಿತು ಎಂದು ತಪ್ಪದೆ ಕೇಳಿ. ಈದು 72 ಗಂಟೆ ಕಳೆಯದ ಪ್ರಾಣಿಯನ್ನು, ದಾರಿಯಲ್ಲಿ ಈಯುವ ಸಾಧ್ಯತೆ ಇರುವುದನ್ನು, ಕುಂಟುವ, ಬಡಕಲಾದ, ಆಗತಾನೆ ಹುಟ್ಟಿದ ಪ್ರಾಣಿಯನ್ನು ಸಾಗಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ‘ನಿನ್ನೆ ರಾತ್ರಿ ಈದಿದೆ, ಗಿಣ್ಣದ ಹಾಲು ಸಮೇತ ಒಯ್ಯಿರಿ’ ಎಂಬ ಮಾತಿಗೆ ಮರುಳಾದವರು ಹಾಲುಜ್ವರ ಬಂದು ಮಲಗಿದ ಹಸುವನ್ನು ಗಾಡಿಯಿಂದ ಇಳಿಸಿಕೊಂಡಿದ್ದಾರೆ. ಮಾರುವವರ ಕೊಟ್ಟಿಗೆಯಲ್ಲೇ ನಾಲ್ಕು ದಿನ ಬಿಟ್ಟು ಆಮೇಲೆ ಒಯ್ಯಿರಿ.

7. ಗಾಡಿಯನ್ನೂ ನೋಡಿಕೊಳ್ಳಿ. ಒಂದು ಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನ ಇರಬಾರದು. ಒಂದೊಂದಕ್ಕೂ ಕನಿಷ್ಠ 2 ಚದರ ಮೀಟರ್ ಜಾಗ ಬೇಕು. ಗಾಡಿಯ ನೆಲದ ಮೇಲೆ ಜಾರದಂತೆ ನಾರಿನ ಚಾಪೆ ಅಥವಾ ಹಲಗೆ, ಜೊತೆಗೊಬ್ಬ ಆಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ದನದ ಜೊತೆ ಗೊಬ್ಬರದ ಮೂಟೆ, ಸಿಮೆಂಟು ತುಂಬಬಾರದು. ಪತ್ರ ಸರಿ ಇದ್ದು ಗಾಡಿ ಸರಿ ಇಲ್ಲದಿದ್ದರೂ ಕೇಸು ಬೀಳುತ್ತದೆ.

8. ಕಾಗದಗಳನ್ನು ಒಂದೇ ಕವರಿನಲ್ಲಿಡಿ. ಕೊಂಡ ರಶೀದಿ, ಆರೋಗ್ಯ ಪತ್ರ, ಶುಲ್ಕದ ರಶೀದಿ, ಹೈನುಗಾರಿಕೆಗೆ ಅಥವಾ ಕೃಷಿಗೆ ಒಯ್ಯುತ್ತಿದ್ದೀರಿ ಎಂದು ತೋರಿಸುವ ದಾಖಲೆ, ಮಾರಿದವರ ಮತ್ತು ಕೊಂಡವರ ವಿಳಾಸ, ಫೋನ್ ಸಂಖ್ಯೆ. 2021ರ ಜನವರಿಯಿಂದ ರಾಜ್ಯದಲ್ಲಿ ಜಾರಿಯಲ್ಲಿರುವ ಗೋಹತ್ಯೆ ನಿಷೇಧ ಕಾಯ್ದೆಯ ಕಾರಣ ‘ಯಾತಕ್ಕೆ ಒಯ್ಯುತ್ತಿದ್ದೀರಿ’ ಎಂಬುದೇ ರಸ್ತೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ. ಹಾಲಿನ ಡೇರಿಯ ಪಾಸ್‌ಪುಸ್ತಕದ ಪ್ರತಿ, ಪಹಣಿಯ ಪ್ರತಿ ಇದ್ದರೆ ಉತ್ತರ ಸುಲಭ.

ಶುಲ್ಕ ಕೊಡುವಾಗ

ಕೈಯಿಂದ ಹೋಗುವ ಹಣವನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ. ಸಂತೆಯ ಸುಂಕ ಜಾಗ ಬಳಸಿದ್ದಕ್ಕೆ. ಅದಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ. ತಪಾಸಣೆ ಮತ್ತು ಪತ್ರದ ಶುಲ್ಕ ಸರ್ಕಾರಿ ಆಸ್ಪತ್ರೆಯಾದರೆ ಸರ್ಕಾರದ ಲೆಕ್ಕಕ್ಕೆ, ಖಾಸಗಿ ವೈದ್ಯರಾದರೆ ಅವರಿಗೆ. ರಕ್ತ, ಹಾಲಿನ ಪರೀಕ್ಷೆ ಮಾಡಿಸಿದರೆ ಲ್ಯಾಬಿನ ಖರ್ಚು ಬೇರೆ. ದಲ್ಲಾಳಿಗಳು ಇವೆಲ್ಲವನ್ನೂ ಒಟ್ಟು ಮಾಡಿ ‘ಎಲ್ಲಾ ಸೇರಿ ಇಷ್ಟು ಕೊಡಿ, ನಾನು ನೋಡ್ಕೋತೀನಿ’ ಎನ್ನುತ್ತಾರೆ. ಅಲ್ಲೇ ಮೋಸ ಶುರುವಾಗುವುದು. ಒಂದೊಂದನ್ನೂ ಒಡೆದು ಕೇಳಿ, ಒಂದೊಂದಕ್ಕೂ ರಶೀದಿ ಪಡೆಯಿರಿ.

ಸರ್ಕಾರಿ ಆಸ್ಪತ್ರೆಯಲ್ಲಿ ದರಪಟ್ಟಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಸೌಜನ್ಯದಿಂದಲೇ ಕೇಳಿ. ಒಬ್ಬರೇ ವೈದ್ಯರು ಮೂರು ನಾಲ್ಕು ಆಸ್ಪತ್ರೆ ನೋಡಿಕೊಳ್ಳುವ ತಾಲ್ಲೂಕುಗಳಿವೆ, ಅವರ ಕಷ್ಟವೂ ದೊಡ್ಡದು. ಶುಲ್ಕ ಪ್ರತಿ ಪ್ರಾಣಿಗೋ, ಪ್ರತಿ ಪತ್ರಕ್ಕೋ ಎಂಬುದನ್ನು ಖಚಿತ ಮಾಡಿಕೊಳ್ಳಿ. ಒಂದೇ ಹಸು ಕೊಳ್ಳುವವರಿಗೆ ಪ್ರಾಣಿಗಿಷ್ಟು ಎಂಬ ದರವೇ ನ್ಯಾಯ ಎಂದು ನನಗೆ ಅನ್ನಿಸುತ್ತದೆ. ಪತ್ರಕ್ಕಿಷ್ಟು ಎಂದಾದರೆ ಒಂದು ಹಸುವಿನ ರೈತರೂ ಆರು ದನದ ವ್ಯಾಪಾರಿಯೂ ಒಂದೇ ಮೊತ್ತ ಕೊಟ್ಟಂತಾಗುತ್ತದೆ, ವೈದ್ಯರ ಹೊತ್ತು ಹೋಗುವುದು ಮಾತ್ರ ಆರು ದನಕ್ಕೆ.

ರಶೀದಿ ಇಲ್ಲದೆ ಹೆಚ್ಚಿನ ಹಣ ಕೇಳಿದರೆ ಏನು ಮಾಡಬೇಕು? ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಡಬೇಕಾಗಿ ಬಂದವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ನಮ್ಮಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರಿದ್ದಾರೆ. ಕೊಟ್ಟು ಬಂದು ತಿಂಗಳುಗಟ್ಟಲೆ ಗೊಣಗಿದರೆ ಕಾನೂನಿನ ಮುಂದೆ ನೀವೂ ಪಾಲುದಾರರಾಗುತ್ತೀರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ವಿಮೆಗೆಂದು ಮಾಡಿಸಿದ ಆರೋಗ್ಯ ಪತ್ರವನ್ನೇ ಸಾಗಣೆಗೂ ತೋರಿಸುವುದು. ವಿಮೆಯ ಪತ್ರ ಹಸುವಿನ ಬೆಲೆ ಮತ್ತು ಆರೋಗ್ಯದ ಬಗ್ಗೆ. ಸಾಗಣೆಯ ಪತ್ರ ಆ ದಿನದ ಪ್ರಯಾಣದ ಬಗ್ಗೆ. ಎರಡೂ ಬೇರೆ ನಮೂನೆ, ಬೇರೆ ಶುಲ್ಕ.

• ಆರು ಹಸುಗಳಿಗೆ ಒಂದೇ ಪತ್ರ ಮಾಡಿಸಿ, ಓಲೆ ಸಂಖ್ಯೆಗಳ ಪಟ್ಟಿ ಲಗತ್ತಿಸದೆ ಬಿಡುವುದು. ಗಾಡಿಯಲ್ಲಿರುವುದು ಅವೇ ಆರು ಎಂದು ಆಮೇಲೆ ಯಾರೂ ಹೇಳಲಾರರು.

• ಬೆಳಿಗ್ಗೆ ತಪಾಸಣೆ ಮಾಡಿಸಿ, ಬಾಡಿಗೆ ಹೊಂದದೆ ಮರುದಿನ ಮಧ್ಯಾಹ್ನ ಹೊರಡುವುದು. 12 ಗಂಟೆಯ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ಗಾಡಿ ಗೊತ್ತು ಮಾಡಿಕೊಂಡ ಮೇಲೆಯೇ ವೈದ್ಯರನ್ನು ಕರೆಯಿರಿ.

• ಪತ್ರ ಇದೆ ಎಂದ ಮಾತ್ರಕ್ಕೆ ಕಂದು ರೋಗ ಇಲ್ಲ ಎಂದುಕೊಳ್ಳುವುದು. ಕಂದು ರೋಗದ ಹಸು ಹೊರಗಿನಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಕಣ್ಣಿನ ತಪಾಸಣೆಗೆ ಅದು ಸಿಕ್ಕುವುದಿಲ್ಲ, ರಕ್ತ ಅಥವಾ ಹಾಲಿನ ಪರೀಕ್ಷೆಯೇ ಆಗಬೇಕು. ಗಬ್ಬದ ಹಸುವಿಗೆ ದೊಡ್ಡ ಬೆಲೆ ಕೊಡುವವರು ಈ ಖರ್ಚಿಗೆ ಹಿಂಜರಿಯಬೇಡಿ. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಹಸಿಹಾಲು ಕುಡಿಯುವ ಅಭ್ಯಾಸವಿರುವ ಮನೆಯವರು, ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟುವವರು ವಿಶೇಷವಾಗಿ ಎಚ್ಚರ ವಹಿಸಬೇಕು.

ಕುರಿ, ಮೇಕೆ ಮತ್ತು ಮಾಂಸ

ಕುರಿ ಮೇಕೆಗಳ ಸಾಗಣೆಗೂ ಪತ್ರ ಬೇಕು, ಅದರ ನಮೂನೆ ಬೇರೆ. ನಾಲ್ಕೂವರೆ, ಐದು ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ತುಂಬುವಂತಿಲ್ಲ. ಅಮೀನಗಡದಂಥ ದೊಡ್ಡ ಕುರಿ ಸಂತೆಯಿಂದ ಹಿಂಡುಗಟ್ಟಲೆ ಕೊಳ್ಳುವವರು ಪಿಪಿಆರ್ ಲಸಿಕೆ ಬಿದ್ದಿರುವುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಹಿರೇಬೇನೆ ಎಂದು ಹಳ್ಳಿಗಳಲ್ಲಿ ಕರೆಯುವ ಈ ರೋಗ ಹೊಕ್ಕರೆ ಹಿಂಡಿಗೆ ಹಿಂಡೇ ಮಲಗುತ್ತದೆ.

ಮಾಂಸದ ಅಂಗಡಿಯವರು ವಧಾಗಾರದಲ್ಲಿ ಕೊಡುವ ಶುಲ್ಕದ ವಿಚಾರವೂ ಇದೇ. ವಧೆಗೆ ಮೊದಲು ಜೀವಂತ ಪ್ರಾಣಿಯ ತಪಾಸಣೆ, ವಧೆಯ ನಂತರ ಮಾಂಸದ ತಪಾಸಣೆ, ಆಮೇಲೆ ಮೊಹರು. 2001ರ ವಧಾಗಾರ ನಿಯಮಗಳ ಪ್ರಕಾರ ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡುವಂತಿಲ್ಲ. ಅಂದರೆ ಒಂದು ಪ್ರಾಣಿಗೆ ಕನಿಷ್ಠ ಐದು ನಿಮಿಷ. ಈ ಮಿತಿ ಇರುವುದು ವಧಾಗಾರಕ್ಕೆ ಮಾತ್ರ, ಸಂತೆಗೆ ಅಲ್ಲ. ಆದರೂ ಸಂತೆಯಲ್ಲಿ ನಿಮ್ಮ ಹಸುವಿನ ತಪಾಸಣೆ ಅರ್ಧ ನಿಮಿಷದಲ್ಲಿ ಮುಗಿದುಹೋದರೆ ಈ ಐದು ನಿಮಿಷವನ್ನು ನೆನಪಿಸಿಕೊಂಡು ‘ಗೊರಸು, ಕೆಚ್ಚಲು ಒಮ್ಮೆ ನೋಡಿಬಿಡಿ ಡಾಕ್ಟ್ರೇ’ ಎಂದು ಕೇಳಿ.

ಮನೆಗೆ ಬಂದ ಮೇಲೆ

ವೈದ್ಯರು ಪ್ರಾಮಾಣಿಕವಾಗಿ ನೋಡಿ ಬರೆದ ಪತ್ರವೂ ಆ ದಿನಕ್ಕಷ್ಟೇ ಸೀಮಿತ. ಕಾಲುಬಾಯಿ ರೋಗದ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಎರಡರಿಂದ ಹದಿನಾಲ್ಕು ದಿನ ಬೇಕು. ಚರ್ಮಗಂಟು ರೋಗದ ವಿಷಯದಲ್ಲಿ ಈ ಅವಧಿಯನ್ನು 28 ದಿನ ಎಂದು ಹಿಡಿಯುತ್ತಾರೆ. ಸಂತೆಯಲ್ಲಿ ಪಕ್ಕದ ಹಸುವಿನಿಂದ ಸೋಂಕು ಹತ್ತಿದ್ದರೆ ಯಾವ ಥರ್ಮಾಮೀಟರ್ ಕೂಡ ಅಂದು ಹೇಳಲಾರದು. ಆದ್ದರಿಂದ ಹೊಸ ಹಸುವನ್ನು ನೇರ ಕೊಟ್ಟಿಗೆಗೆ ಕಟ್ಟಬೇಡಿ. ಒಂದು ತಿಂಗಳು ಬೇರೆ ಜಾಗದಲ್ಲಿ ಕಟ್ಟಿ, ಬೇರೆ ಬಾನಿ, ಬೇರೆ ಬಕೆಟ್ಟು ಇಡಿ. ಹಳೆಯ ಹಸುಗಳ ಹಾಲು ಕರೆದು, ಮೇವು ಹಾಕಿ ಮುಗಿಸಿದ ಮೇಲೆಯೇ ಹೊಸದರ ಬಳಿ ಹೋಗಿ, ಕೈಕಾಲು ಸೋಪು ಹಚ್ಚಿ ತೊಳೆದುಕೊಂಡು ಬನ್ನಿ. ಇಳಿಸಿದ ದಿನವೇ ಉಣ್ಣೆಗೆ ಔಷಧಿ ಹಾಕಿಸಿ. ಡೋಸನ್ನು ವೈದ್ಯರೇ ಹೇಳಲಿ.

ಜೊಲ್ಲು ಸುರಿಯುವುದು, ಕುಂಟುವುದು, ಮೈಮೇಲೆ ಗಂಟು, ಮೇವು ಬಿಡುವುದು ಕಂಡರೆ 1962ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ತಿಳಿಸಿ. ರೋಗ ಮುಚ್ಚಿಟ್ಟು ಆ ಹಸುವನ್ನು ಮುಂದಿನ ಸಂತೆಗೆ ಹೊಡೆಯುವುದನ್ನು 2009ರ ಕಾಯ್ದೆ ನಿಷೇಧಿಸುತ್ತದೆ. ಒಂದು ವಾರದೊಳಗೆ ನಿಮ್ಮ ಪಶು ಆಸ್ಪತ್ರೆಗೆ ಹೋಗಿ ಓಲೆಯ ಸಂಖ್ಯೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಅದಾಗದಿದ್ದರೆ ಮುಂದಿನ ಲಸಿಕೆಯ ಲೆಕ್ಕ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿಯುತ್ತದೆ, ವಿಮೆಯ ಹಣ ಕೇಳುವಾಗ ತಕರಾರು ಬರುತ್ತದೆ. ಹೋಗುವಾಗ ಕೊಂಡ ರಶೀದಿ, ಆರೋಗ್ಯ ಪತ್ರ, ನಿಮ್ಮ ಆಧಾರ್ ಕಾರ್ಡು ಜೊತೆಗಿರಲಿ.